ಎರಡನೇ ಕುರ್ಚಿ

ನನ್ನ ಕೆಲಸ ಹೊಟ್ಟೆನೋವು. ಹಾಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಗೊತ್ತು. ಆದರೂ ಏನು ಕೆಲಸ ಮಾಡ್ತೀಯಮ್ಮ ಎಂದು ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಅದೇ.

ದೊಡ್ಡಾಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ಡಾಕ್ಟರಾಗಲು ಓದುವ ಮಕ್ಕಳು ನಿಜವಾದ ರೋಗಿಗಳ ಮುಂದೆ ಕೂರುವ ಮೊದಲು ನಮ್ಮಂಥವರ ಮುಂದೆ ಕೂರುತ್ತಾರೆ. ನಮಗೆ ಏನೂ ಆಗಿರುವುದಿಲ್ಲ. ಏನಾಗಿದೆ ಎಂದು ಹೇಳಬೇಕೋ ಅದನ್ನು ಆ ಮಕ್ಕಳಿಗೆ ಪಾಠ ಹೇಳುವ ಮೇಡಂ ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ, ನಾವು ಉತ್ತರ ಹೇಳುತ್ತೇವೆ, ಗಾಜಿನ ಆಚೆ ಕೂತು ಮೇಡಂ ಗಮನಿಸುತ್ತಾರೆ. ಕೊನೆಗೆ ನಾವೂ ಅಂಕ ಕೊಡುತ್ತೇವೆ. ರೋಗ ಹಿಡಿದರೋ ಇಲ್ಲವೋ ಎಂಬುದಕ್ಕಲ್ಲ, ಅದು ಮೇಡಂ ನೋಡಿಕೊಳ್ಳುವ ವಿಷಯ. ಈ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಬೇಕು ಅನ್ನಿಸುತ್ತದೆಯೇ ಎಂಬುದಕ್ಕೆ ಮಾತ್ರ ನಮ್ಮ ಅಂಕ.

ಒಳಗೆ ನಮಗೆ ಹೆಸರುಗಳಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು ಎದೆನೋವು ಮಾಮ. ಹೂವಿನಂಗಡಿ ಇಟ್ಟಿದ್ದು ಮುಚ್ಚಿದವರು ತಲೆಸುತ್ತು ಅಕ್ಕ. ಮಾಮನಿಗೆ ಎದೆ ಹಿಡಿದುಕೊಳ್ಳುವುದರಲ್ಲಿ ಎಷ್ಟು ಕೈ ಪಳಗಿದೆ ಎಂದರೆ, ಊಟದ ಹೊತ್ತಿನಲ್ಲಿ ಸುಮ್ಮನೆ ಕೆಮ್ಮಿದರೂ ಹೊಸ ಮಕ್ಕಳು ಓಡಿ ಬರುತ್ತಾರೆ. ಮಕ್ಕಳಿಗೂ ನಾವು ಹೆಸರಿಡುತ್ತೇವೆ. ಪದೇ ಪದೇ ಕೈಗಡಿಯಾರ ನೋಡುವವನು ಗಡಿಯಾರ. ಎಲ್ಲದಕ್ಕೂ ‘ಹೌದಾ ಹೌದಾ’ ಎನ್ನುವವಳು ಹೌದಾ.

ಈ ಕೆಲಸಕ್ಕೆ ಒಂದೇ ಕಟ್ಟುನಿಟ್ಟು. ಕೇಳಿದ್ದಕ್ಕೆ ಮಾತ್ರ ಉತ್ತರ. ನೋವು ಎಲ್ಲಿದೆ ಎಂದು ಕೇಳಿದರೆ ಎಲ್ಲಿ ಎಂದು ತೋರಿಸಬೇಕು, ಯಾವಾಗ ಶುರುವಾಯಿತು ಎಂದು ಹೇಳಕೂಡದು. ಮಕ್ಕಳು ಸರಿಯಾದ ಪ್ರಶ್ನೆಗೆ ಬರುವವರೆಗೆ ಗುಟ್ಟು ನಮ್ಮ ಹೊಟ್ಟೆಯಲ್ಲೇ ಇರಬೇಕು. ಪಾಪ ಎನ್ನಿಸಿದರೂ ಬಿಟ್ಟುಕೊಡಬಾರದು. ಒಬ್ಬರಿಗೆ ಬಿಟ್ಟುಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯ.

ಉಳಿದವರಿಗೆ ಇದು ಕಷ್ಟ. ತಲೆಸುತ್ತು ಅಕ್ಕ ಎಷ್ಟೋ ಸಲ ಮೈಮರೆತು ತನ್ನ ನಿಜವಾದ ಮಂಡಿನೋವನ್ನೂ ಸೇರಿಸಿ ಹೇಳಿ ಬೈಸಿಕೊಂಡಿದ್ದಾಳೆ. ನನಗೆ ಮಾತ್ರ ನೀರು ಕುಡಿದಷ್ಟು ಸುಲಭ. ಅಪ್ಪ ತೀರಿಕೊಂಡ ವರ್ಷ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಯವರೆಗೂ ಒಂದು ದಿನವೂ ತರಗತಿಯಲ್ಲಿ ಕೈ ಎತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಬೆಂಚಿನ ತುದಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದೆ. ಆ ದೋಷವೇ ಇಲ್ಲಿ ಅರ್ಹತೆಯಾಯಿತು. ‘ಇವಳ ಹತ್ತಿರ ಮಾತು ಹೊರಡಿಸಿದವನು ಯಾರ ಹತ್ತಿರವಾದ್ರೂ ಹೊರಡಿಸ್ತಾನೆ’ ಎಂದು ಮೇಡಂ ಹೇಳಿದ್ದನ್ನು ಮಾಮ ಎಲ್ಲರ ಮುಂದೆ ನಟಿಸಿ ತೋರಿಸಿದ್ದರು. ನನಗೆ ಕಿವಿ ಬಿಸಿಯಾಗುವಷ್ಟು ಹೆಮ್ಮೆಯಾಗಿತ್ತು.

ಹಾಗೆ ನನ್ನ ಮಾತು ಹೊರಡಿಸಿದವನು ಒಬ್ಬನೇ. ಅವನನ್ನು ಪೆನ್ನು ಎಂದು ಕರೆಯುತ್ತಿದ್ದೆವು. ಯೋಚಿಸುವಾಗ ಪೆನ್ನಿನ ತಲೆ ಒತ್ತಿ ಒತ್ತಿ ಟಿಕ್ ಟಿಕ್ ಅನ್ನಿಸುತ್ತಿದ್ದ. ಕೊನೆಯ ಪರೀಕ್ಷೆಯ ದಿನ ನಾನು ಸುಮ್ಮನಾದಾಗ ಅವನು ಆ ಪೆನ್ನನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು, ಕಾದ. ಮತ್ತೆ ಪ್ರಶ್ನೆ ಕೇಳಲಿಲ್ಲ. ಆ ಮೌನದಲ್ಲಿ ನನಗೆ ಸುಳ್ಳು ಹೊಟ್ಟೆನೋವೂ ನಿಜವೆನಿಸಿಬಿಟ್ಟಿತು. ಅವನಿಗೆ ಪೂರ್ತಿ ಅಂಕ ಕೊಟ್ಟಿದ್ದೆ.

ಅಮ್ಮನಿಗೆ ತಲೆನೋವು ಶುರುವಾದದ್ದು ಅದಾಗಿ ಬಹಳ ಕಾಲದ ಮೇಲೆ.

ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತಾಳೆ, ಗುಂಡಿ ಕೂರಿಸುತ್ತಾಳೆ. ನಾನು ಹುಟ್ಟಿದ್ದೇ ಅವಳಿಗೆ ವಯಸ್ಸಾದ ಮೇಲೆ, ಈಗ ಅರವತ್ತರ ಹತ್ತಿರ ಇದ್ದಾಳೆ. ನನಗೆ ಎಷ್ಟು ಮಾತು ಕಡಿಮೆಯೋ ಅಮ್ಮನಿಗೆ ಅಷ್ಟು ಜಾಸ್ತಿ. ಬೆಳಿಗ್ಗೆ ಎದ್ದ ಕೂಡಲೇ ರಾತ್ರಿ ಬಿದ್ದ ಕನಸಿನಿಂದ ಶುರು ಮಾಡಿ, ಮನೆ ಮಾಲೀಕನ ಸೊಸೆ ಬಟ್ಟೆ ಒಣಹಾಕುವ ರೀತಿಯವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಆದರೆ ಅಮ್ಮನ ಮಾತಿಗೂ ಒಂದು ಜಾಣತನವಿದೆ. ಯಾವುದನ್ನು ಹೇಳಬಾರದೋ ಅದರ ಸುತ್ತ ಅಷ್ಟು ಮಾತು ಸುರಿದುಬಿಡುತ್ತಾಳೆ, ಒಳಗೆ ಏನೋ ಇದೆ ಎಂದು ಯಾರಿಗೂ ಕಾಣುವುದಿಲ್ಲ.

ನನಗೆ ಕಂಡಿತ್ತು. ನೋಡುವುದೊಂದು ನನಗೆ ಬರುತ್ತದೆ. ಅಮ್ಮ ಬಲಗಡೆ ತಲೆಗೆ ಬಾಚಣಿಗೆ ಇಡುವುದನ್ನು ಬಿಟ್ಟಿದ್ದಳು, ಅಲ್ಲಿ ಮಾತ್ರ ಅಂಗೈಯಿಂದ ಮೆಲ್ಲಗೆ ಸವರಿ ತುರುಬು ಕಟ್ಟಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಎರಡು ತುತ್ತು ಅಗಿದು ನಿಲ್ಲಿಸುತ್ತಿದ್ದಳು, ದವಡೆ ಹಿಡಿದುಕೊಂಡು ಸುಧಾರಿಸಿಕೊಂಡು ಮತ್ತೆ ಅಗಿಯುತ್ತಿದ್ದಳು. ಹಲ್ಲು ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಇದ್ದಕ್ಕಿದ್ದಂತೆ ಗೋಡೆ ಹಿಡಿದು ನಿಂತಳು. ನಾನು ಓಡಿ ಹೋದೆ.

‘ಏನಿಲ್ಲ ಕಣೆ, ಈ ಕಣ್ಣಿಗೆ ಯಾರೋ ಪರದೆ ಎಳೆದ ಹಾಗಾಯ್ತು. ಹೋಯ್ತು ಬಿಡು’ ಎಂದಳು. ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ‘ಯಾರ ಮುಂದೆಯೂ ಬಾಯಿ ಬಿಡ್ಬೇಡ. ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ನೂಲು ಕತ್ತರಿಸೋ ಮೂಲೆಗೆ ತಳ್ತಾರೆ’ ಎಂದಳು.

ನೂಲು ಕತ್ತರಿಸುವ ಮೂಲೆ ಎಂದರೆ ಕಾರ್ಖಾನೆಯ ಕೊನೆಯ ಮೆಟ್ಟಿಲು. ಅಲ್ಲಿ ಕೂತವರು ಇಷ್ಟರಲ್ಲೇ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತು.

ತಲೆನೋವು ಮಾತ್ರ ಬಿಡಲಿಲ್ಲ. ಕೊನೆಗೆ ನನ್ನ ಕಾಟ ತಡೆಯಲಾರದೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಬಂದಳು. ನಮ್ಮ ಅಭ್ಯಾಸದ ಕೋಣೆಗಳಿರುವುದು ಹಿಂದಿನ ಕಟ್ಟಡದಲ್ಲಿ. ಮುಂದಿನ ಕಟ್ಟಡಕ್ಕೆ, ನಿಜವಾದ ರೋಗಿಗಳ ಸಾಲಿಗೆ, ನಾನು ಅದೇ ಮೊದಲು ಕಾಲಿಟ್ಟದ್ದು. ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಕರೆದಾಗ ನೋಡಿದರೆ, ಮೇಜಿನ ಹಿಂದೆ ಡಾಕ್ಟರಾಗಿ ಕೂತವನು ಪೆನ್ನು.

ಕಣ್ಣ ಕೆಳಗೆ ಕಪ್ಪಾಗಿತ್ತು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಲೇ ಇಲ್ಲ. ರೋಗಿಗೆಂದು ಒಂದು ಸ್ಟೂಲು ಇತ್ತು, ಅಮ್ಮ ಅದರ ಮೇಲೆ ಕೂತಳು. ನಾನು ಅವಳ ಬೆನ್ನ ಹಿಂದೆ, ತೂಕದ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತೆ.

ಅಮ್ಮ ಶುರು ಮಾಡಿದಳು. ತಲೆನೋವು, ಕಾರ್ಖಾನೆಯ ಟ್ಯೂಬ್‌ಲೈಟಿನ ಮಿಣುಕು, ಮೇಲಿನ ಮನೆಯವರು ಬೆಳಗಿನ ಜಾವ ಮಂಚ ಎಳೆಯುವ ಸದ್ದು, ನಿದ್ದೆಯಿಲ್ಲದ್ದು. ಪೆನ್ನು ಕೇಳುತ್ತಾ ಬರೆಯುತ್ತಾ ಹೋದ. ವಾಂತಿ ಆಗುತ್ತಾ, ಜ್ವರ ಇದೆಯಾ, ಬಿಪಿ ಇದೆಯಾ ಎಂದು ಕೇಳಿದ. ಇಲ್ಲ, ಇಲ್ಲ, ಇಲ್ಲ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ. ಹೊರಗೆ ಯಾರದೋ ಮಗು ಅಳುತ್ತಿತ್ತು, ನರ್ಸ್ ಬಾಗಿಲಿನಲ್ಲಿ ಇಣುಕಿ ಮುಂದಿನವರನ್ನು ಕಳಿಸಲಾ ಎಂದು ಕೇಳಿದಳು.

ನಾನು ಕಾಯುತ್ತಿದ್ದೆ. ಕಣ್ಣಿನ ಬಗ್ಗೆ ಈಗ ಕೇಳುತ್ತಾನೆ ಎಂದುಕೊಂಡೆ. ಊಟ ಹೇಗೆ ಸೇರುತ್ತೆ ಎಂದು ಕೇಳುತ್ತಾನೆ. ತಲೆ ಮುಟ್ಟಿ ನೋಡುತ್ತಾನೆ. ಕೈಯಲ್ಲಿರುವ ಪೆನ್ನು ಕೆಳಗಿಡುತ್ತಾನೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖದಲ್ಲಿ ಏನೂ ತೋರಿಸದೆ, ಪರೀಕ್ಷೆಯ ಕೋಣೆಯಲ್ಲಿ ಹೇಗಿರುತ್ತೇನೋ ಹಾಗೇ ಇದ್ದೆ. ಅವನು ಮಾತ್ರೆ ಬರೆದ. ಕನ್ನಡಕ ಹಳೆಯದಾಗಿರಬಹುದು, ಒಮ್ಮೆ ತೋರಿಸಿಕೊಳ್ಳಿ, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದ. ಒರಟಾಗಿ ಅನ್ನಲಿಲ್ಲ. ಅಮ್ಮ ಕೈ ಮುಗಿದು ಎದ್ದಳು.

‘ಒಳ್ಳೆ ಹುಡುಗ. ಎಲ್ಲಾ ಕೇಳಿಸ್ಕೊಂಡ’ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು. ಚೀಲದಿಂದ ಬನ್ನು ತೆಗೆದು ಅರ್ಧ ನನಗೆ ಮುರಿದುಕೊಟ್ಟಳು. ತಾನು ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದು, ನಿಲ್ಲಿಸಿ, ದವಡೆ ಹಿಡಿದುಕೊಂಡಳು.

ಇದನ್ನು ಕೇಳಲೇ ಇಲ್ಲ, ಇಲ್ಲಿ ಅಂಕ ಹೋಯಿತು ಎಂದು ನನ್ನ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು. ಕಣ್ಣಿನದಕ್ಕೂ ಹೋಯಿತು. ತಲೆ ಮುಟ್ಟದ್ದಕ್ಕೂ. ಇವನಿಗೆ ಈ ಸಲ ಪಾಸಾಗುವಷ್ಟು ಬರುವುದಿಲ್ಲ.

ಹಾಗೆ ಅಂದುಕೊಂಡ ಮೇಲೆ ನನ್ನ ಕೈಯಲ್ಲಿದ್ದ ಬನ್ನು ಜಾರಿ ಮಡಿಲಿಗೆ ಬಿತ್ತು. ನಾನು ಅಮ್ಮನನ್ನು ನೋಡಿದೆ. ಇಲ್ಲಿ ಅಂಕ ಹಾಕಲು ಗಾಜಿನ ಆಚೆ ಯಾರೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಎದ್ದು ಟೀ ಕುಡಿಯಲು ಹೋಗುವ ರೋಗಿ ಅಲ್ಲ ಇವಳು. ಅಮ್ಮ ಹೇಳಬೇಡ ಎಂದಿದ್ದಳು, ನಿಜ. ಆದರೆ ನಾನು ಬಾಯಿ ಮುಚ್ಚಿಕೊಂಡದ್ದು ಅದಕ್ಕಲ್ಲ. ಆ ಮಾತು ನನ್ನ ನೆನಪಿನಲ್ಲೇ ಇರಲಿಲ್ಲ. ಡಾಕ್ಟರು ಕೇಳಲಿ ಎಂದು ಕಾದೆ, ಅಷ್ಟೇ.

‘ಅಮ್ಮ, ಇಳಿ. ವಾಪಸ್ ಹೋಗಣ.’

‘ಏನ್ ಮರೆತೆ?’

‘ಕಣ್ಣಿನ ವಿಷಯ ಹೇಳ್ಲಿಲ್ಲ.’

ಅಮ್ಮ ಸುತ್ತ ನೋಡಿದಳು, ಬಸ್ಸಿನಲ್ಲಿ ಕಾರ್ಖಾನೆಯವರು ಯಾರಾದರೂ ಇದ್ದಾರೆಯೇ ಎಂದು. ಆಮೇಲೆ ದನಿ ತಗ್ಗಿಸಿ, ಮಧ್ಯಾಹ್ನದ ಹಾಜರಿ ತಪ್ಪಿದರೆ ಇಡೀ ದಿನದ ಸಂಬಳ ಹೋಗುತ್ತದೆ, ಮಾತ್ರೆ ಕೊಟ್ಟಿದ್ದಾರಲ್ಲ, ನಿನಗೇನು ಆಸ್ಪತ್ರೆಯ ಗಾಳಿ ಬಡಿದಿದೆಯಾ, ಸುಳ್ಳು ರೋಗ ಹೇಳಿ ಹೇಳಿ ಕಂಡಿದ್ದೆಲ್ಲ ರೋಗ ಅನ್ನಿಸ್ತಿದೆಯಾ ಎಂದು ಒಂದೇ ಸಮ ಬೈದಳು. ಬೈಯುವಾಗಲೂ ಬಲಗಣ್ಣನ್ನು ಉಜ್ಜಿಕೊಳ್ಳುತ್ತಿದ್ದಳು. ಮುಂದಿನ ನಿಲ್ದಾಣ ಬಂತು. ನಾನು ಇಳಿದೆ. ಅಮ್ಮ ಇಳಿಯಲಿಲ್ಲ. ಬಸ್ಸು ಅವಳನ್ನು ಹೊತ್ತುಕೊಂಡು ಹೋಯಿತು.

ಬಂದ ದಾರಿಯಲ್ಲೇ ಓಡಿದೆ. ಓಡಿ ಅಭ್ಯಾಸವಿಲ್ಲ, ಪಕ್ಕೆ ಹಿಡಿದುಕೊಂಡಿತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ, ಜೋಡಿಸಿದ್ದು ಬೀಳುತ್ತಿತ್ತು. ಒಂದು ರೋಗ ಹೇಳಿಕೊಟ್ಟರೆ ಉಸಿರು ಸಮೇತ ಒಪ್ಪಿಸುವವಳು ನಾನು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬಾಗಿಲ ಮುಂದೆ ಇನ್ನೂ ಸಾಲಿತ್ತು. ಊಟದ ಹೊತ್ತಾಗುತ್ತಿದೆ ಎಂದು ನರ್ಸ್ ಜನರನ್ನು ಸರಿಸುತ್ತಿದ್ದಳು. ನಾನು ಮುಂದೆ ಹೋದಾಗ ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಬ್ಬರು, ‘ನಾವೇನು ಇಲ್ಲಿ ಗಾಳಿ ಸೇವನೆಗೆ ಬಂದಿದೀವಾ ತಾಯಿ’ ಎಂದರು. ನಾಲ್ಕು ಜನ ನಕ್ಕರು. ಬೇರೆ ದಿನವಾಗಿದ್ದರೆ ಆ ನಗುವಿಗೆ ನಾನು ಬೀದಿ ಸೇರಿರುತ್ತಿದ್ದೆ. ಈಗಲೂ ಒಂದು ಹೆಜ್ಜೆ ಹಿಂದಿಟ್ಟೆ. ಆಮೇಲೆ ಅವರ ಮುಖ ನೋಡದೆ, ಅವರ ಬ್ಯಾಂಡೇಜಿಗೆ ಹೇಳುವವಳಂತೆ, ‘ಒಂದೇ ಮಾತು ಹೇಳಿ ಬಂದ್ಬಿಡ್ತೀನಿ’ ಎಂದು ಬಾಗಿಲು ತಳ್ಳಿದೆ.

ಒಳಗೆ ಒಬ್ಬ ಮುದುಕರು ಅಂಗಿ ಬಿಚ್ಚಿ ಕೂತಿದ್ದರು. ಪೆನ್ನು ತಲೆಯೆತ್ತಿ, ಹೊರಗೆ ಕಾಯಿರಿ ಎಂದ.

‘ಆಗಲೇ ಬಂದಿದ್ವಿ. ತಲೆನೋವು. ಕಾಜಾ ಕೆಲಸದವರು. ಅಮ್ಮ ಅಗಿಯುವಾಗ ದವಡೆ ಸೋತು ನಿಲ್ಲಿಸ್ತಾರೆ. ಬಲಗಡೆ ತಲೆಗೆ ಬಾಚಣಿಗೆ ತಾಗಿಸೋಕಾಗಲ್ಲ. ಮೊನ್ನೆ ಬಲಗಣ್ಣಿಗೆ ಪರದೆ ಎಳೆದ ಹಾಗಾಯ್ತಂತೆ, ಸ್ವಲ್ಪ ಹೊತ್ತಿಗೆ ಹೋಯ್ತಂತೆ.’

ಎಲ್ಲಾ ಒಂದೇ ಸಲ ಬಿತ್ತು. ಅದರಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂದು ನನಗೆ ಗೊತ್ತಿರಲಿಲ್ಲ. ಈಗಲೂ, ಆ ದವಡೆನೋವು ನಿಜವಾಗಿ ಹಲ್ಲಿನದೇ ಆಗಿದ್ದರೂ ಹೀಗೆಯೇ ಓಡಿ ಬರುತ್ತಿದ್ದೆ ಎನಿಸುತ್ತದೆ.

ಟಿಕ್ ಟಿಕ್ ನಿಂತಿತು. ಅವನು ಪೆನ್ನನ್ನು ಮೇಜಿನ ಮೇಲಿಟ್ಟ.

‘ಅಮ್ಮ ಎಲ್ಲಿ?’

‘ಕೆಲಸಕ್ಕೆ ಹೋದ್ರು.’

‘ಈಗಲೇ ಕರ್ಕೊಂಡ್ ಬನ್ನಿ. ನಾಳೆ ಅಲ್ಲ, ಸಂಜೆ ಅಲ್ಲ, ಈಗ. ತಲೆಗೆ ಹೋಗೋ ರಕ್ತನಾಳ ಊದಿಕೊಂಡಿರಬಹುದು. ಹಾಗಿದ್ರೆ ಕಣ್ಣು ಯಾವ ಹೊತ್ತಿನಲ್ಲಾದ್ರೂ ಹೋಗಬಹುದು, ಹೋದದ್ದು ವಾಪಸ್ ಬರಲ್ಲ.’ ಎದ್ದು ಫೋನು ಕೈಗೆತ್ತಿಕೊಂಡು ದೊಡ್ಡ ಡಾಕ್ಟರಿಗೆ ಕರೆ ಮಾಡುತ್ತಾ ಮತ್ತೆ ನನ್ನತ್ತ ತಿರುಗಿದ. ‘ಆಗ ಇಲ್ಲೇ ಇದ್ರಲ್ಲ. ಯಾಕೆ ಹೇಳ್ಲಿಲ್ಲ?’

‘ನೀವು ಕೇಳ್ಲಿಲ್ಲ’ ಎಂದೆ.

ಆಗ ಅವನಿಗೆ ನನ್ನ ಗುರುತು ಸಿಕ್ಕಿತು. ಮುಖ ಹೇಗಾಯಿತು ಎಂದು ನೋಡಲು ನಾನು ನಿಲ್ಲಲಿಲ್ಲ.

ಕಾರ್ಖಾನೆಯ ಕಾವಲುಗಾರ ಒಳಗೆ ಬಿಡಲು ತಕರಾರು ಮಾಡಿದ. ಸೂಪರ್‌ವೈಸರ್ ಬಂದು ಏನು ವಿಷಯ ಎಂದರು. ಅಮ್ಮ ಸಾಲಿನ ಮಧ್ಯೆ ಯಂತ್ರದ ಮೇಲೆ ಬಗ್ಗಿದ್ದಳು, ಕೆನ್ನೆ ಬಟ್ಟೆಗೆ ತಾಗುವಷ್ಟು ಹತ್ತಿರ. ಯಂತ್ರಗಳ ಸದ್ದಿನಲ್ಲಿ ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳುವುದಿಲ್ಲ. ಜೋರಾಗಿ ಹೇಳಬೇಕಾಯಿತು. ನಮ್ಮಮ್ಮನಿಗೆ ಕಣ್ಣು ಹೋಗಬಹುದಂತೆ, ಕಳಿಸಿ ಎಂದೆ. ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲು ಯಾವತ್ತೂ ಮಾತಾಡಿರಲಿಲ್ಲ. ಅಕ್ಕಪಕ್ಕದ ಯಂತ್ರಗಳು ಒಂದೊಂದಾಗಿ ನಿಂತವು. ಅಮ್ಮ ಎದ್ದು ಬಂದಳು.

‘ಡಂಗುರ ಸಾರಿಬಿಟ್ಟೆಯಲ್ಲೇ’ ಎಂದಳು ಆಟೋದಲ್ಲಿ. ಆಮೇಲೆ ರಸ್ತೆಯ ಕಡೆ ತಿರುಗಿ ಕೂತಳು.

ಆಸ್ಪತ್ರೆಯಲ್ಲಿ ಈ ಸಲ ಯಾರೂ ಕಾಯಿಸಲಿಲ್ಲ. ದೊಡ್ಡ ಡಾಕ್ಟರು ಅಮ್ಮನ ಕಣತಲೆಯ ಮೇಲೆ ಎರಡು ಬೆರಳಿಟ್ಟಾಗ ಅಮ್ಮ ಹಲ್ಲು ಕಚ್ಚಿದಳು. ರಕ್ತ ತೆಗೆದರು, ಅದರ ಫಲಿತಾಂಶ ಬರುವ ಮೊದಲೇ ಸೂಜಿಯಲ್ಲಿ ಔಷಧಿ ಕೊಟ್ಟರು. ಪೆನ್ನು ಮಂಚದ ಪಕ್ಕದಲ್ಲೇ ನಿಂತಿದ್ದ. ಅವನು ಕೂಡ ನನ್ನ ಹಾಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದಾಗಲೆಲ್ಲ ಅದು ಅರ್ಧ ದಾರಿಯಲ್ಲಿ ನನ್ನ ಕಡೆಗೇ ತಿರುಗುತ್ತಿತ್ತು.

ಆಮೇಲಿನ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಮ್ಮ ವಾರ್ಡಿನ ಮಂಚದ ಮೇಲೆ ಕೂತು ಎಡಗಣ್ಣು ಮುಚ್ಚಿ ಕಿಟಕಿಯ ಸರಳು ನೋಡುವಳು, ಬಲಗಣ್ಣು ಮುಚ್ಚಿ ಅದನ್ನೇ ನೋಡುವಳು. ಏನು ಕಂಡಿತು ಎಂದು ಹೇಳುವುದಿಲ್ಲ. ಅಷ್ಟು ಮಾತಾಡುವವಳು ನನ್ನ ಜೊತೆ ಮಾತ್ರ ಮಾತು ನಿಲ್ಲಿಸಿದ್ದಳು. ಪಕ್ಕದ ಮಂಚದ ಹೆಂಗಸಿಗೆ ನನ್ನ ಬಾಲ್ಯವನ್ನೆಲ್ಲ ಹೇಳಿದಳು, ನನಗೆ ಮಾತ್ರ ನೀರು ಕೊಡು, ದೀಪ ಆರಿಸು, ಅಷ್ಟೇ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಅವಳಿಗೆ ಅದೂ ಕಿರಿಕಿರಿ.

ಒಂದು ಬೆಳಿಗ್ಗೆ ಅವಳೇ ಬಾಚಣಿಗೆ ಕೇಳಿದಳು. ಬಲಗಡೆಗೆ ಇಟ್ಟಳು, ಎಳೆದಳು. ಮುಖ ಕಿವುಚಲಿಲ್ಲ.

‘ಆ ಬ್ರೆಡ್ಡು ಕೊಡೇ ಇಲ್ಲಿ. ನೋಡ್ತಾ ನಿಂತ್ಕೊಂಡ್ರೆ ಹೊಟ್ಟೆ ತುಂಬುತ್ತಾ’ ಎಂದಳು. ಪೂರ್ತಿ ಬ್ರೆಡ್ಡು ನಿಲ್ಲಿಸದೆ ಅಗಿದಳು. ನಾನು ವರಾಂಡಕ್ಕೆ ಹೋಗಿ ಅತ್ತೆ.

ಕಣ್ಣು ಉಳಿಯಿತು. ಕಣತಲೆಯ ರಕ್ತನಾಳದಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಊಹಿಸಿದ ರೋಗವೇ ಎಂದು ಖಚಿತ ಮಾಡಿದರು. ಮಾತ್ರೆಗಳನ್ನು ಬಹಳ ಕಾಲ ನುಂಗಬೇಕು, ಅದರಿಂದ ಅಮ್ಮನ ಮುಖ ಊದಿಕೊಂಡಿದೆ. ಕಾರ್ಖಾನೆಯಲ್ಲಿ ಅವಳು ಹೆದರಿದ್ದೇ ಆಯಿತು, ಕಾಜಾ ಯಂತ್ರಕ್ಕೆ ಬೇರೆಯವಳನ್ನು ಕೂರಿಸಿದರು. ಈಗ ನೂಲು ಕತ್ತರಿಸುತ್ತಾಳೆ. ಅಲ್ಲಿ ಮಾತಾಡಲು ಪುರುಸೊತ್ತು ಜಾಸ್ತಿ ಎಂದು ಹೇಳಿಕೊಂಡು ತಿರುಗುತ್ತಾಳೆ. ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ನಾನು ಕೆಲಸಕ್ಕೆ ಮರಳಿದ ದಿನ ಹೊಟ್ಟೆನೋವು ಸರಿಯಾಗಿ ಬರಲಿಲ್ಲ. ಎದುರಿಗೆ ಕೂತ ಹುಡುಗ ಏನೋ ಕೇಳಿದಾಗ ಸುಮ್ಮನಿರಬೇಕಾದ ಕಡೆ ನಾಲಿಗೆ ತುರಿಸಿತು. ಮೇಡಂ ಕರೆದು ಏನಾಗಿದೆ ನಿನಗೆ ಎಂದರು. ಪೆನ್ನು ಎಲ್ಲಾ ಹೇಳಿದ್ದನಂತೆ, ತನ್ನ ತಪ್ಪನ್ನೂ ಸೇರಿಸಿ. ನಾನು ಆ ಕೋಣೆಯನ್ನು ನೋಡುತ್ತಾ ನಿಂತೆ. ಮೇಜು, ಡಾಕ್ಟರ ಕುರ್ಚಿ, ರೋಗಿಯ ಕುರ್ಚಿ, ಗಾಜು. ಇಷ್ಟು ಕಾಲ ಅದೇ ಕೋಣೆಯಲ್ಲಿ ಕೂತಿದ್ದರೂ ನನಗೂ ಹೊಳೆದಿರಲಿಲ್ಲ.

‘ಮೇಡಂ, ಆಸ್ಪತ್ರೆಗೆ ಯಾರೂ ಒಬ್ರೇ ಬರಲ್ಲ. ಇಲ್ಲಿ ಜೊತೆಯವರಿಗೆ ಕುರ್ಚಿನೇ ಇಲ್ಲ’ ಎಂದೆ.

ಮೇಡಂ ಕೂಡಲೇ ಒಪ್ಪಲಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಥರ ಇರಬೇಕು, ಇಬ್ಬರು ಕೂತರೆ ಇಬ್ಬರೂ ಒಂದೊಂದು ದಿನ ಒಂದೊಂದು ಹೇಳುತ್ತೀರಿ, ಅಂಕ ಹೇಗೆ ಕೊಡುವುದು ಎಂದರು. ಅವರ ಮಾತೂ ಸರಿಯೇ. ನಾಲ್ಕು ದಿನ ಬಿಟ್ಟು ಕರೆದು, ಪರೀಕ್ಷೆಗೆ ಬೇಡ, ಅಭ್ಯಾಸಕ್ಕೆ ಮಾತ್ರ ಮಾಡಿ ನೋಡೋಣ ಎಂದರು. ಅಮ್ಮನನ್ನು ಕೇಳಿ, ಅವಳ ರೋಗವನ್ನೇ ಪಾಠ ಮಾಡಿದರು. ಅಮ್ಮ ತಾನೇ ಬಂದು ಮಾಡುತ್ತೇನೆ ಎಂದು ಹಟ ಹಿಡಿದಳು. ನಿನ್ನ ಬಾಯಿಗೆ ಅಂಕ ಕೊಡಲು ಇಲ್ಲಿ ಯಾರಿಗೂ ಆಗುವುದಿಲ್ಲ ಎಂದು ನಾನೇ ತಡೆದೆ. ತಲೆಸುತ್ತು ಅಕ್ಕ ತಲೆನೋವಾದಳು. ನಾನು ಮಗಳು. ಜೊತೆಯವಳ ನಿಯಮವೂ ಹಳೆಯದೇ, ಕೇಳಿದರೆ ಮಾತ್ರ ಹೇಳಬೇಕು.

ಊಟದ ಕೋಣೆಯಿಂದ ಕುರ್ಚಿಯೊಂದನ್ನು ನಾನೇ ಎಳೆದು ತಂದೆ. ಅದರ ಒಂದು ಕಾಲು ಗಿಡ್ಡ, ಕೂತರೆ ಅಲ್ಲಾಡುತ್ತದೆ. ‘ಬಡ್ತಿ ಸಿಕ್ತಲ್ಲಪ್ಪ, ಹೊಟ್ಟೆನೋವಿನಿಂದ ಮಗಳಾದೆ’ ಎಂದರು ಎದೆನೋವು ಮಾಮ.

ಮೊದಲು ಬಂದ ಹುಡುಗ ನನ್ನತ್ತ ನೋಡದೆ ಎದ್ದು ಹೋದ. ಎರಡನೆಯವನೂ ಅಷ್ಟೇ. ಕುರ್ಚಿ ಅಲ್ಲಾಡದಂತೆ ನೆಲಕ್ಕೆ ಕಾಲು ಒತ್ತಿ ಹಿಡಿದುಕೊಂಡು ನಾನು ತುಟಿ ಕಚ್ಚಿ ಕೂತೆ. ಅವರು ಬಾಗಿಲು ಮುಚ್ಚಿಕೊಂಡು ಹೋದಾಗಲೆಲ್ಲ ಆ ಬಸ್ಸು ಕಣ್ಮುಂದೆ ಹಾದುಹೋಗುತ್ತಿತ್ತು.

ಆಮೇಲೆ ಬಂದದ್ದು ಹೌದಾ. ತಲೆಸುತ್ತು ಅಕ್ಕ ಹೇಳಿದ್ದಕ್ಕೆಲ್ಲ ಹೌದಾ ಹೌದಾ ಎನ್ನುತ್ತಾ ಮುಗಿಸಿದಳು. ಎದ್ದಳು. ಬಾಗಿಲ ಹಿಡಿಕೆಗೆ ಕೈ ಹಾಕಿದವಳು, ಏನೋ ನೆನಪಾದಂತೆ ತಿರುಗಿ ನನ್ನನ್ನು ನೋಡಿದಳು.

‘ನೀವು ಅವರ ಜೊತೆಗೇ ಇರ್ತೀರಲ್ಲ. ನಿಮಗೇನಾದ್ರೂ ಕಂಡಿದೆಯಾ?’

ನಾನು ಹೇಳಬೇಕಾದದ್ದು ದವಡೆಯದೊಂದೇ. ಕಣ್ಣು, ಬಾಚಣಿಗೆ, ಅವು ಮತ್ತೆ ಕೇಳಿದರೆ ಮಾತ್ರ. ದವಡೆಯದು ಹೇಳಿದೆ. ನಿಲ್ಲಿಸಬೇಕಿತ್ತು. ಬಾಚಣಿಗೆಯದು ಬಂತು. ಪರದೆ, ಗೋಡೆ ಹಿಡಿದು ನಿಂತದ್ದು, ಟವೆಲು, ನೂಲು ಕತ್ತರಿಸುವ ಮೂಲೆ, ಬನ್ನು ಎಲ್ಲಾ ಬಂತು. ತಲೆಸುತ್ತು ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಗಾಜಿನ ಆಚೆ ಮೇಡಂ ಎದ್ದು ನಿಂತು, ಸಾಕು ಎಂದು ಕೈ ಆಡಿಸುತ್ತಿದ್ದರು. ಹೌದಾ ಹಿಡಿಕೆಯಿಂದ ಕೈ ತೆಗೆದು ಮತ್ತೆ ಬಂದು ಕೂತಿದ್ದಳು, ಈಗ ಹೌದಾ ಅನ್ನುತ್ತಿರಲಿಲ್ಲ.

ನಾನು ಗಾಜಿನ ಕಡೆ ನೋಡುವುದನ್ನು ಬಿಟ್ಟು ಹೇಳುತ್ತಾ ಹೋದೆ.